ತಾರಸಿಯ ಮೇಲೆ ಸಿಳ್ಳಾರ

ಸಿಳ್ಳಾರ ಎಂಬ ಹಕ್ಕಿ ಹೈದರಾಬಾದಿನಲ್ಲಿ ಇಲ್ಲ. ನಾವಿರುವ ಬಾಲಾನಗರದಲ್ಲಂತೂ ಅದು ಇರುವ ಮಾತೇ ಇಲ್ಲ. ಅದಕ್ಕೆ ಬೆಟ್ಟ ಬೇಕು, ಬೆಟ್ಟದ ಮೇಲೆ ದಟ್ಟ ಕಾಡು ಬೇಕು, ಕಾಡಿನೊಳಗೆ ಬಂಡೆಗಳ ನಡುವೆ ಹರಿಯುವ ತಣ್ಣನೆಯ ಹಳ್ಳ ಬೇಕು. ನಮ್ಮ ಕಡೆ ಬಂಡೆಗಳಿವೆ, ಈಗ ಅವುಗಳ ಮೇಲೆ ಅಪಾರ್ಟ್‌ಮೆಂಟುಗಳಿವೆ. ಹಳ್ಳ ಎನ್ನಬಹುದಾದದ್ದೂ ಒಂದಿದೆ. ಅದನ್ನು ನಾಲಾ ಎನ್ನುತ್ತಾರೆ, ದಾಟುವಾಗ ಮೂಗಿಗೆ ಕರ್ಚೀಫು ಹಿಡಿಯುತ್ತಾರೆ. ಆದರೂ ಒಂದು ಚಳಿಗಾಲದಲ್ಲಿ ನಮ್ಮ ಕಟ್ಟಡದ ಜನ ಬೆಳಗಾಗುತ್ತಲೇ ಸಿಳ್ಳಾರದ ದನಿ ಕೇಳಿದರು. ಕೇಳಿ ದೂರು ಕೊಟ್ಟರು. ಅದಕ್ಕೆ ಕಾರಣ ನಾನು, ನನ್ನ ಮಗಳು ಮತ್ತು ನಮ್ಮವ್ವ.

ನಾನು ಶಾಲೆಯಲ್ಲಿ ಜೀವಶಾಸ್ತ್ರದ ಟೀಚರು. ನಮ್ಮ ಮನೆತನದಲ್ಲಿ ಡಿಗ್ರಿ ಪಡೆದವರಲ್ಲಿ ನಾನೇ ಮೊದಲು. ಯಾರೂ ಕೇಳದಿದ್ದರೂ ಇದನ್ನು ಹೇಳುವ ಅಭ್ಯಾಸ ನನಗಿದೆ. ಅಪ್ಪ ಯಾದಗಿರಿ ಕಡೆಯ ಹಳ್ಳಿಯಿಂದ ಬಂದು ಬಾಲಾನಗರದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಲೇತ್ ಮಷೀನು ಓಡಿಸುತ್ತಿದ್ದ. ಅವ್ವ ಶಾಲೆಯೊಂದರ ಒಳಗೆ ಮೊದಲ ಸಲ ಕಾಲಿಟ್ಟದ್ದು ನನ್ನನ್ನು ಸೇರಿಸಲು. ನಾನು ತುಂಬಿದ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು, ಕಪ್ಪೆಯ ರಕ್ತನಾಳಗಳ ಹೆಸರು ಬಾಯಿಪಾಠ ಮಾಡಿ, ಒಮ್ಮೆ ಫೇಲಾಗಿ, ಮತ್ತೆ ಕಟ್ಟಿ, ಬಿ.ಎಸ್ಸಿ. ಮುಗಿಸಿದೆ. ಸರ್ಟಿಫಿಕೇಟಿಗೆ ಅಪ್ಪ ಫ್ರೇಮು ಹಾಕಿಸಿದ. ಅದು ಈಗ ಫ್ರಿಜ್ಜಿನ ಮೇಲಿನ ಗೋಡೆಯಲ್ಲಿದೆ. ಮನೆಗೆ ಯಾರು ಬಂದರೂ ಅವ್ವ ಅವರಿಗೆ ತಣ್ಣೀರು ಕೊಡುವ ನೆಪದಲ್ಲಿ ಫ್ರಿಜ್ಜಿನವರೆಗೆ ಕರೆದುಕೊಂಡು ಹೋಗುತ್ತಾಳೆ.

ಸಿಳ್ಳಾರವನ್ನು ನಾನು ನೋಡಿದ್ದು ಕಾಲೇಜಿನ ಕೊನೆಯ ವರ್ಷ, ದಾಂಡೇಲಿ ಕಡೆಯ ಕಾಡಿಗೆ ನಮ್ಮನ್ನು ಟೂರು ಕರೆದುಕೊಂಡು ಹೋದಾಗ. ಹೊರಡುವ ಮುಂಚೆ ಅಪ್ಪ ಕೇಳಿದ್ದ: "ಹಕ್ಕಿ ನೋಡಾಕ ಅಷ್ಟ್ ದೂರ ಯಾಕ? ಬಾಲಾನಗರದಾಗ ಕಾಗಿ ಇಲ್ಲೇನು?"

"ಕಾಗಿ ಸಿಲೆಬಸ್‌ನ್ಯಾಗ ಇಲ್ಲಪ್ಪ."

"ಪಾಪ, ಕಾಗಿ ಏನ್ ಮಾಡಿತ್ತು?" ಎಂದು ಅಪ್ಪ ಬ್ಯಾಗು ಹೊತ್ತು ಬಸ್‌ಸ್ಟ್ಯಾಂಡಿಗೆ ಬಿಟ್ಟು ಬಂದ.

ಕಾಡಿನಲ್ಲಿ ಎರಡನೆಯ ದಿನ ಬೆಳಗ್ಗೆ ನಾನು ಹಲ್ಲುಜ್ಜಲು ಹಳ್ಳದ ಬಳಿ ಹೋದೆ. ನೀರಿನ ನಡುವಿನ ಬಂಡೆಯ ಮೇಲೆ ಒಂದು ಕರಿ ಹಕ್ಕಿ ಕೂತಿತ್ತು. ಮೈನಾಗಿಂತ ತುಸು ದೊಡ್ಡದು. ಕೊಕ್ಕು ಕರಿ, ಕಾಲು ಕರಿ, ಮೈ ಕರಿ. ಇದಕ್ಕೆ ಇಷ್ಟು ದೂರ ಬರಬೇಕಿತ್ತೇ, ಅಪ್ಪ ಹೇಳಿದ್ದೇ ಸರಿ ಅಂದುಕೊಳ್ಳುವಷ್ಟರಲ್ಲಿ ಅದು ಕುಪ್ಪಳಿಸಿ ಎಲೆಗಳ ನಡುವಿನಿಂದ ಬಿಸಿಲು ಬೀಳುತ್ತಿದ್ದ ಕಡೆ ನಿಂತಿತು. ನಿಂತ ಕೂಡಲೇ ಹಣೆಯ ಮೇಲೆ, ಹೆಗಲ ಮೇಲೆ ನೀಲಿ ಹೊತ್ತಿಕೊಂಡಿತು. ಗ್ಯಾಸ್ ಒಲೆಯ ಉರಿಗೆ ಇರುವಂಥ ನೀಲಿ. ಬಾಲವನ್ನು ಬೀಸಣಿಗೆಯ ಹಾಗೆ ಬಿಚ್ಚಿತು, ಮುಚ್ಚಿತು. ಆಮೇಲೆ ನೀರಿಗೆ ಕೊಕ್ಕು ಹಾಕಿ ಒಂದು ಏಡಿಯನ್ನು ಎಳೆದು, ಬಂಡೆಗೆ ಅಪ್ಪಳಿಸಿ ಅಪ್ಪಳಿಸಿ, ಕಾಲು ಮುರಿದು ತಿಂದಿತು. ತಿಂದು ಮುಗಿಸಿ ಸಿಳ್ಳು ಹಾಕಿತು. ಅದು ಹಕ್ಕಿಯ ದನಿಯೇ ಅಲ್ಲ. ಕೆಲಸವಿಲ್ಲದ ಗಂಡಸೊಬ್ಬ ಕಟ್ಟೆಯ ಮೇಲೆ ಕೂತು ಹಾಡು ಶುರು ಮಾಡಿ, ಅರ್ಧಕ್ಕೆ ಮರೆತು, ಇನ್ನೊಂದಕ್ಕೆ ಹೋಗಿ, ಅದನ್ನೂ ಬಿಟ್ಟುಬಿಟ್ಟ ಹಾಗೆ. ನನ್ನ ಬಾಯಲ್ಲಿ ಪೇಸ್ಟು ಒಣಗಿತು. ಪರೀಕ್ಷೆಯಲ್ಲಿ ಅದರ ಬಗ್ಗೆ ಪ್ರಶ್ನೆ ಬರಲಿಲ್ಲ.

ಈಗ ಮಗಳ ವಿಷಯ. ನಮ್ಮ ಮನೆಯಲ್ಲಿರುವವರು ಅವಳು, ನಾನು ಮತ್ತು ಅವ್ವ. ನನ್ನ ಗಂಡ ಕಂಪನಿ ಕೆಲಸಕ್ಕೆಂದು ಊರೂರು ತಿರುಗುತ್ತಾನೆ, ಬಂದಾಗ ಬಟ್ಟೆ ಮಡಚುತ್ತಾನೆ. ಮಗಳನ್ನು ಬೆಳೆಸಿದ್ದು ಹೆಚ್ಚಾಗಿ ಅವ್ವನೇ. ಅವ್ವನನ್ನು ಅವಳು ಆಯಿ ಎನ್ನುತ್ತಾಳೆ. ಆಯಿಗೆ ಬರುವುದು ಯಾದಗಿರಿಯ ಕನ್ನಡ. ತೆಲುಗು ತರಕಾರಿಗೆ ಸಾಕಾಗುವಷ್ಟು, ಹಿಂದಿ ಜಗಳಕ್ಕೆ ಸಾಕಾಗುವಷ್ಟು. ಹೀಗಾಗಿ ಮಗಳ ಮೊದಲ ಮಾತುಗಳೆಲ್ಲ ಆಯಿಯ ಮಾತುಗಳೇ.

ಬೇಗಂಪೇಟೆ ಕಡೆ ಕನ್ನಡಿಗರ ಒಂದು ಸಂಘವಿದೆ. ಭಾನುವಾರ ಮಕ್ಕಳಿಗೆ ಕನ್ನಡ ಕಲಿಸುತ್ತಾರೆ. ಅಲ್ಲಿಗೆ ನಮ್ಮಂಥ ಹಳಬರ ಮಕ್ಕಳೂ ಬರುತ್ತಾರೆ, ಐಟಿ ಕಂಪನಿಗಳಿರುವ ಗಚ್ಚಿಬೌಲಿಯಿಂದ ಕಾರಿನಲ್ಲಿ ಬೆಂಗಳೂರು, ಮೈಸೂರಿನವರ ಮಕ್ಕಳೂ ಬರುತ್ತಾರೆ. ವರ್ಷಕ್ಕೊಮ್ಮೆ ವೇಷ ಹಾಕಿ ಎರಡು ಮಾತಾಡುವ ಸ್ಪರ್ಧೆ ಇಡುತ್ತಾರೆ. ಹಿಂದಿನ ವರ್ಷ ಮಗಳು ಮೆಣಸಿನಕಾಯಿ ಆಗಿದ್ದಳು. ಕೆಂಪು ಬಟ್ಟೆ, ತಲೆಯ ಮೇಲೆ ಹಸಿರು ತೊಟ್ಟು. ಮೈಕು ಹಿಡಿದು, "ನಾ ಮೆಣಸಿನಕಾಯಿ ಅದೀನ್ರಿ. ನಾ ಭಾಳ ಖಾರ ಅದೀನ್ರಿ" ಎಂದಳು. ಹಾಲ್ ನಕ್ಕಿತು. ದೊಡ್ಡವರು ಪ್ರೀತಿಯಿಂದಲೇ ನಕ್ಕಿರಬೇಕು. ಆದರೆ ಊಟಕ್ಕೆ ಕೂತಾಗ ಮಕ್ಕಳು "ಅನ್ನ ಅದೀನ್ರಿ, ಸಾಂಬಾರ್ ಅದೀನ್ರಿ, ಹಪ್ಪಳ ಅದೀನ್ರಿ" ಎಂದು ಎಲೆ ಮುಗಿಯುವ ತನಕ ಹೇಳಿದರು. ಮಗಳು ಪಾಯಸ ತಿನ್ನದೆ ಎದ್ದಳು.

ಅಂದಿನಿಂದ ಅವಳು ಮನೆಯ ಬಾಗಿಲಾಚೆ ಕನ್ನಡದಲ್ಲಿ ಬಾಯಿ ತೆರೆಯುವುದನ್ನು ನಿಲ್ಲಿಸಿದಳು. ಒಳಗಿದ್ದಾಗ ಎಲ್ಲ ಮೊದಲಿನಂತೆಯೇ. ಚಪ್ಪಲಿ ಹಾಕಿಕೊಂಡು ಹೊಸ್ತಿಲು ದಾಟಿದರೆ ಹಿಂದಿ, ಇಲ್ಲವೇ ತೆಲುಗು. ಶಾಲೆಯ ಬಸ್ಸು ಬರುವ ಮೂಲೆಯ ತನಕ ಅವಳನ್ನು ಬಿಟ್ಟುಬರುವುದು ಆಯಿಯ ಕೆಲಸ. ಮೊದಲು ಆ ಮೂಲೆಯ ತನಕ ಇಬ್ಬರ ಬಾಯಿಗೂ ಬಿಡುವಿರಲಿಲ್ಲ. ಈಗ ಅಕ್ಕಪಕ್ಕ ನಡೆಯುತ್ತಿದ್ದರು, ಒಂದೂ ಮಾತಿಲ್ಲ. ಲಿಫ್ಟಿನಲ್ಲಿ ಆಯಿ ಏನಾದರೂ ಅಂದರೆ ಅವಳು ಆಚೀಚೆ ನೋಡಿ "ಧೀರೆ ಬೋಲೋ ಆಯಿ" ಎನ್ನುತ್ತಿದ್ದಳು, ಮೆಲ್ಲಗೆ ಮಾತಾಡು ಎಂದು. ಅವ್ವ ನನ್ನ ಹತ್ತಿರ ಒಂದೇ ಸಲ ಕೇಳಿದಳು: "ಕೂಸಿಗೆ ನನ್ನ ಜೋಡಿ ಹೊರಗ ಬರಾಕ ನಾಚಿಕಿ ಆಗ್ತೈತೇನು?" ನಾನು ಇಲ್ಲ ಎಂದೆ. ಅವ್ವ ನಂಬಲಿಲ್ಲ, ತೊಗರಿಬೇಳೆ ಆರಿಸಲು ಕೂತಳು.

ನನಗೆ ಬೇಕಾಗಿದ್ದದ್ದು ಒಂದೇ: ಮಗಳು ಹೊಸ್ತಿಲಿನ ಆಚೆ, ಜನರ ಎದುರು, ಒಮ್ಮೆ ಆಯಿಯ ಮಾತಿನಲ್ಲಿ ಬಾಯಿ ತೆರೆಯಬೇಕು.

ಆ ವರ್ಷ ಸಂಘದವರು ಕಾಡಿನ ಜೀವಿಗಳ ವೇಷ ಎಂದು ಹೇಳಿದರು. ಮಗಳು ಬರುವುದಿಲ್ಲ ಎಂದಳು. ಕಡೆಗೆ, ಮಾತಾಡದ ಪ್ರಾಣಿ ಆದರೆ ಬರುತ್ತೇನೆ, ಮೊಲ ಆಗುತ್ತೇನೆ ಎಂದಳು.

"ಮೊಲ ಬ್ಯಾಡ, ಸಿಳ್ಳಾರ ಆಗು," ಎಂದೆ. "ಅದು ಬರೀ ಸಿಳ್ಳಿ ಹಾಕ್ತೈತಿ."

"ಮಾತು?"

"ಮಾತಿಲ್ಲ."

"ಪ್ರಾಮಿಸ್?"

ಮೊದಲು ಸಿಳ್ಳಿಗೆ ತೆರೆದ ಬಾಯಿ ಆಮೇಲೆ ಮಾತಿಗೂ ತೆರೆದೀತು ಎಂಬುದು ನನ್ನ ಲೆಕ್ಕಾಚಾರ. ಬಿ.ಎಡ್.ನಲ್ಲಿ ಇಂಥದ್ದನ್ನು ಹೇಳಿಕೊಡುತ್ತಾರೆ. ಪ್ರಾಮಿಸ್ ಎಂದೆ.

ಹಕ್ಕಿಯನ್ನು ಸರಿಯಾಗಿ ತಿಳಿದುಕೊಳ್ಳದೆ ವೇಷ ಹಾಕಬಾರದು ಎಂದು ನಾನು ಅವಳನ್ನು ಕೂರಿಸಿಕೊಂಡು ಪಾಠ ಮಾಡಿದೆ. ಬಸಿ ನೀರಿರುವ ಬಂಡೆಯ ಸಂದಿಯಲ್ಲಿ ಪಾಚಿ, ಬೇರು, ಕೆಸರು ಸೇರಿಸಿ ಬಟ್ಟಲಿನಂಥ ಗೂಡು ಕಟ್ಟುತ್ತದೆ. ಹುಳ, ಬಸವನಹುಳ, ಸಣ್ಣ ಕಪ್ಪೆ, ಏಡಿ ತಿನ್ನುತ್ತದೆ, ಬಿದ್ದ ಹಣ್ಣನ್ನೂ ಬಿಡುವುದಿಲ್ಲ. ಹೆದರಿದರೆ ಸಿಳ್ಳು ಮರೆತು ಕೀ ಎಂದು ಚೀರಿ ಹಾರುತ್ತದೆ. ಹೆಚ್ಚು ಹಾಡುವುದು ಬೆಳಕು ಹರಿಯುವ ಮುಂಚೆ.

"ಗಂಡು ಯಾವುದು, ಹೆಣ್ಣು ಯಾವುದು?"

"ನೋಡಿದ್ರ ಗೊತ್ತಾಗಂಗಿಲ್ಲ. ಎರಡೂ ಒಂದಽ ಥರ."

"ಅವಕ್ಕರ ಗೊತ್ತಾಗ್ತೈತೇನು?"

"ಗೊತ್ತಾಗ್ತಿರಬೇಕು. ಮರಿ ಆಗ್ತಾವಲ್ಲ."

ಅವಳು ಒಪ್ಪಿದಳು. ಮೊಬೈಲಿನಲ್ಲಿ ಹಕ್ಕಿಯ ದನಿ ಹಾಕಿ ಕೇಳಿಸಿದೆ. ಅವಳು ತುಟಿ ಮೂತಿ ಮಾಡಿ ಊದಿದಳು. ಮುಂದಿನ ಹಲ್ಲು ಆಗತಾನೇ ಬಿದ್ದಿದ್ದರಿಂದ ಗಾಳಿಯಷ್ಟೇ ಬಂತು. ಅಷ್ಟಕ್ಕೇ ಅವ್ವ ಸೌಟಿನ ಸಮೇತ ಅಡುಗೆಮನೆಯಿಂದ ಹೊರಗೆ ಬಂದಳು.

"ಮನ್ಯಾಗ ಸಿಳ್ಳಿ ಹಾಕ್ತಾರೇನು? ಹಾವು ಬರ್ತಾವ."

"ನಾಕನೇ ಮಾಳಿಗಿಗೆ ಹಾವು ಹೆಂಗ ಬರ್ತಾವಬೇ? ಲಿಫ್ಟಿನ್ಯಾಗ ಬರ್ತಾವೇನು?" ಎಂದೆ.

"ಯಾಕ ಬರಬಾರದು? ಎಲ್ಲಾರೂ ಬರ್ತಾರ."

ಈ ನಿಯಮ ನನಗೆ ಹೊಸದಲ್ಲ. ನಾನು ಚಿಕ್ಕವಳಿದ್ದಾಗ ಒಮ್ಮೆ ಸಿಳ್ಳು ಹಾಕಲು ಹೋಗಿ ಬೆನ್ನಿಗೆ ಏಟು ತಿಂದಿದ್ದೇನೆ. ಹಾಗಾಗಿ ಡಿಗ್ರಿ ಇದ್ದರೂ ನನಗೆ ಸಿಳ್ಳು ಬರುವುದಿಲ್ಲ. ಅವ್ವನೊಂದಿಗೆ ವಾದ ಮಾಡಿ ಗೆದ್ದವರೂ ಇಲ್ಲ. ಆದ್ದರಿಂದ ನಾನು ಮನೆ ಎಂದರೆ ಎಲ್ಲಿಂದ ಎಲ್ಲಿಯವರೆಗೆ ಎಂದು ಕೇಳಿದೆ.

"ಬಾಲ್ಕನಿ?"

"ಜಾಳಿಗಿ ಐತಲ್ಲ. ಮನೀನಽ."

"ಲಿಫ್ಟಿನ ಮುಂದ?"

"ಮ್ಯಾಲ ಛತ್ತು ಐತಲ್ಲ."

"ಕೆಳಗ ಕಾರ್ ನಿಲ್ಲಸ್ತಾರಲ್ಲ, ಅಲ್ಲಿ?"

"ಛತ್ತು ಐತಿಲ್ಲೋ? ಮ್ಯಾಲ ಮುಗಿಲು ಕಂಡ್ರ ಹೊರಗ. ಛತ್ತು ಕಂಡ್ರ ಮನಿ. ಇದಕ್ಕೇನು ಸಾಲಿ ಕಲೀಬೇಕೇನು?"

ಹೀಗೆ ಮೇಲೆ ಚಾವಣಿ ಇಲ್ಲದ ತಾರಸಿಯೊಂದೇ ಉಳಿಯಿತು. ಮರುದಿನ ಬೆಳಕು ಹರಿಯುವ ಹೊತ್ತಿಗೆ ನಾನೂ ಮಗಳೂ ಸ್ವೆಟರು ಹಾಕಿಕೊಂಡು ನೀರಿನ ಟ್ಯಾಂಕಿನ ಪಕ್ಕ ನಿಂತೆವು. ಮೊಬೈಲಿನಲ್ಲಿ ಹಕ್ಕಿ ಸಿಳ್ಳು ಹಾಕಿತು. ನಾವಿಬ್ಬರೂ ಊದಿದೆವು. ದಿನಾ ಊದಿದೆವು. ಟ್ಯಾಂಕಿನ ಮೇಲಿನ ಪಾರಿವಾಳಗಳು ನಮ್ಮನ್ನು ನೋಡುತ್ತಾ ಕೂತಿರುತ್ತಿದ್ದವು. ಅವುಗಳಿಗೆ ಏನೂ ಅನ್ನಿಸಿದಂತೆ ಕಾಣಲಿಲ್ಲ.

ಒಂದು ಬೆಳಗ್ಗೆ ಅವ್ವ ಸಂಡಿಗೆ ಹಿಟ್ಟಿನ ಪಾತ್ರೆ ಹೊತ್ತು ಮೇಲೆ ಬಂದಳು. ನಮ್ಮ ಅವಸ್ಥೆಯನ್ನು ಸ್ವಲ್ಪ ಹೊತ್ತು ನೋಡಿದಳು. ಪಾತ್ರೆ ಕೆಳಗಿಟ್ಟಳು, ಸೆರಗಿಗೆ ಕೈ ಒರೆಸಿಕೊಂಡಳು, ಎರಡು ಬೆರಳು ನಾಲಗೆಯ ಕೆಳಗಿಟ್ಟಳು. ಆಮೇಲೆ ಬಂದ ಸದ್ದಿಗೆ ಪಾರಿವಾಳಗಳೆಲ್ಲ ಒಟ್ಟಿಗೆ ಎದ್ದು ಹೋದವು.

"ನಿನಗ ಸಿಳ್ಳಿ ಬರ್ತೈತಿ?" ಎಂದೆ.

"ಹೊಲದಾಗ ಜ್ವಾಳ ಕಾಯೋರು ಮತ್ತೇನ್ ಮಾಡ್ತಾರ? ಹಕ್ಕಿಗೆ ಪತ್ರ ಬರೀತಾರೇನು?"

"ಮತ್ತ ನಾ ಸಣ್ಣಾಕಿ ಇದ್ದಾಗ ಸಿಳ್ಳಿ ಹಾಕಿದ್ದಕ್ಕ ಯಾಕ ಬಡದಿದ್ದಿ?"

"ನೀ ಮನ್ಯಾಗ ಹಾಕಿದ್ದಿ."

"ಬಾಲಾನಗರದಾಗ ನಮಗ ಹೊಲ ಎಲ್ಲಿತ್ತಬೇ?"

"ಅದನ್ನ ನಿಮ್ಮಪ್ಪನ್ನ ಕೇಳು," ಎಂದು ಅವ್ವ ಸಂಡಿಗೆ ಹಾಕಲು ಕೂತಳು. ಅಪ್ಪ ತೀರಿಕೊಂಡು ವರ್ಷಗಳಾಗಿವೆ.

ಇಷ್ಟು ವರ್ಷ ಹೆಣ್ಣುಮಕ್ಕಳು ಸಿಳ್ಳು ಹಾಕಬಾರದು ಎಂಬುದು ಅವ್ವನ ನಿಯಮ ಎಂದುಕೊಂಡಿದ್ದೆ. ಅವಳ ತಕರಾರು ಇದ್ದದ್ದು ಛತ್ತಿನ ಬಗ್ಗೆ ಮಾತ್ರ.

ಅವ್ವನ ಸಿಳ್ಳು ಹಕ್ಕಿ ಓಡಿಸುವಂಥದ್ದು, ಹಕ್ಕಿಯಂಥದ್ದಲ್ಲ. ಮೊಬೈಲು ಕಿವಿಗೆ ಹಿಡಿದು ಕೇಳಿದಳು. "ಇದಕ್ಕ ದಗದ ಇಲ್ಲ," ಎಂದಳು, ಕೆಲಸ ಇಲ್ಲ ಎಂಬ ಅರ್ಥದಲ್ಲಿ. "ಹಾಡಿನ ಬುಡಾ ಇಲ್ಲ, ತುದಿ ಇಲ್ಲ. ಆದ್ರ ಗಂಟಲಾ ಛಲೋ ಐತಿ." ಆಮೇಲೆ ಬೆರಳಿಲ್ಲದೆ ತುಟಿಯಲ್ಲೇ ಸಿಳ್ಳು ತರುವುದನ್ನು ಮಗಳಿಗೆ ತೋರಿಸಿದಳು. ನಾಲಗೆಯನ್ನು ಹಲ್ಲು ಬಿದ್ದ ಸಂದಿಗೆ ಒತ್ತಿಕೋ ಎಂದು ಸನ್ನೆ ಮಾಡಿದಳು. ಮಗಳಿಗೆ ಆ ಸಂದಿಯಿಂದಲೇ ಸಿಳ್ಳು ಬಂತು. ನನಗೆ ಬರಲಿಲ್ಲ, ನನ್ನ ಹಲ್ಲುಗಳೆಲ್ಲ ಗಟ್ಟಿ ಇವೆ.

ತಾರಸಿಯೂ ಹೊರಗೇ ಆದ್ದರಿಂದ ಮಗಳು ಅಲ್ಲಿ ಕನ್ನಡ ಮಾತಾಡಲಿಲ್ಲ. ಆಯಿ ಒಂದು ಸಿಳ್ಳು, ಅವಳು ಒಂದು ಸಿಳ್ಳು, ಹೀಗೆ ಸಂಡಿಗೆ ಹಾಕಿ ಮುಗಿಯುವ ತನಕ ನಡೆಯುತ್ತಿತ್ತು. ಅಷ್ಟಾದರೂ ಆಯಿತಲ್ಲ ಎಂದು ನಾನು ಚಹಾ ಕುಡಿಯುತ್ತಾ ನಿಂತಿರುತ್ತಿದ್ದೆ.

ಅಷ್ಟರಲ್ಲಿ ಕಟ್ಟಡದ ವಾಟ್ಸಾಪ್ ಗುಂಪಿನಲ್ಲಿ ದೂರು ಬಂತು. ಯಾರೋ ಲೋಫರ್ ಬೆಳಗಿನ ಹೊತ್ತು ಸಿಳ್ಳು ಹಾಕುತ್ತಿದ್ದಾನೆ, ಕಟ್ಟಡದಲ್ಲಿ ವಯಸ್ಸಿಗೆ ಬಂದ ಹೆಣ್ಣುಮಕ್ಕಳಿದ್ದಾರೆ ಎಂದು ಎರಡನೇ ಮಹಡಿಯವರು ಬರೆದರು. ಅವರಿಗೆ ಕಾಲೇಜಿಗೆ ಹೋಗುವ ಮಗಳಿದ್ದಾಳೆ. ಅವರ ಎದುರು ಮನೆಯವರಿಗೂ ಒಬ್ಬಳಿದ್ದಾಳೆ. ಅವರು, ಸಿಳ್ಳು ನಮ್ಮ ಕಿಟಕಿಯ ಕಡೆಯಿಂದ ಕೇಳುತ್ತದೆ, ನೀವು ಸುಮ್ಮನೆ ಮೈಮೇಲೆ ಎಳೆದುಕೊಳ್ಳಬೇಡಿ ಎಂದು ಬರೆದರು. ಸಿಳ್ಳು ಯಾರ ಮಗಳಿಗಾಗಿ ಎಂಬುದರ ಮೇಲೆ ಎರಡೂ ಮನೆಗಳ ನಡುವೆ ಮಾತು ನಿಂತಿತು.

ಕಟ್ಟಡದ ಸೆಕ್ರೆಟರಿ ನಿವೃತ್ತ ಮನುಷ್ಯ, ಕೋಲು ಹಿಡಿದು ಮಂಕಿ ಕ್ಯಾಪು ಹಾಕಿಕೊಂಡು ಮೆಟ್ಟಿಲು ಹತ್ತಿ ಬಂದರು. ತಾರಸಿಯ ಬಾಗಿಲು ಒದ್ದು ತೆರೆದಾಗ ಅವ್ವ ಸೀರೆ ಎತ್ತಿ ಕಟ್ಟಿ, ಬೆರಳು ಬಾಯಲ್ಲಿಟ್ಟು, ಸಂಡಿಗೆಗೆ ಬಂದ ಕಾಗೆ ಓಡಿಸುತ್ತಿದ್ದಳು.

"ಅಮ್ಮಾಜೀ... ಆಪ್?"

ಅವ್ವ ಬೆರಳು ತೆಗೆದಳು. "ಹೌ. ಕ್ಯಾ ಹೋನಾ?" ಏನು ಬೇಕಾಗಿತ್ತು ಎಂದು.

ನಾನು ಮುಂದೆ ಬಂದು ಇದು ಒಂದು ಚಿಡಿಯಾದ ದನಿ, ಮಗು ಕಲಿಯುತ್ತಿದೆ ಎಂದು ಹಿಂದಿಯಲ್ಲಿ ವಿವರಿಸಿದೆ. ಅವರು ಟ್ಯಾಂಕಿನ ಹಿಂದೆ, ಡಿಶ್ ಆಂಟೆನಾದ ಹಿಂದೆ ಬಗ್ಗಿ ನೋಡಿದರು. "ಚಿಡಿಯಾ ಕಿಧರ್ ಹೈ?" ಎಂದರು, ಹಕ್ಕಿ ಎಲ್ಲಿದೆ ಎಂದು.

"ಪಶ್ಚಿಮ ಘಟ್ಟದಲ್ಲಿ," ಎಂದೆ.

ಅವರು ಕೆಳಗಿಳಿದು ಹೋಗಿ, ವಿಷಯ ಬಗೆಹರಿದಿದೆ, ಅದು ಒಂದು ಹಕ್ಕಿ ಎಂದು ಗುಂಪಿನಲ್ಲಿ ಹಾಕಿದರು. ಎರಡನೇ ಮಹಡಿಯ ಎರಡೂ ಮನೆಯವರಿಗೆ ಅದು ಅಷ್ಟು ಸಮಾಧಾನ ತಂದಂತೆ ಕಾಣಲಿಲ್ಲ.

ವೇಷದ ಬಟ್ಟೆಯದು ಇನ್ನೊಂದು ಗೊಂದಲ. ಕಾರ್ಯಕ್ರಮ ಹಬ್ಬದ ವಾರದಲ್ಲಿತ್ತು. ಹಬ್ಬದಲ್ಲಿ ಕೂಸಿಗೆ ಕರಿ ಬಟ್ಟೆ ಹಾಕಬಾರದು ಎಂದು ಅವ್ವ ಹಟ ಹಿಡಿದಳು. ಹಕ್ಕಿಯೇ ಕರಿ ಎಂದೆ. ಹಕ್ಕಿಗೆ ಹಬ್ಬ ಇಲ್ಲ ಎಂದಳು. ಮಗಳು ನನ್ನ ಹಳೆಯ ಕಡುನೀಲಿ ಶಾಲು ತಂದು ಇಬ್ಬರ ನಡುವೆ ಹಾಕಿ, "ಇದು ಕರೇದಲ್ಲ ಆಯಿ, ನೆರಳಾಗ ಕುಂತ ನೀಲಿ" ಎಂದಳು. ಸಿಳ್ಳಾರದ ಬಗ್ಗೆ ಇದಕ್ಕಿಂತ ಸರಿಯಾಗಿ ನಾನು ಹೇಳಿರಲಿಲ್ಲ. ಹೆಗಲಿಗೆ, ಹಣೆಗೆ ಚಾಕೊಲೇಟಿನ ನೀಲಿ ಹಾಳೆ ಅಂಟಿಸಿದೆವು. ಹಳೆಯ ಬೀಸಣಿಗೆಗೆ ಬಣ್ಣ ಬಳಿದು ಬಾಲ ಮಾಡಿದೆವು. ಹಿಂದೆ ಕೈ ಹಾಕಿ ದಾರ ಎಳೆದರೆ ಬಿಚ್ಚುತ್ತಿತ್ತು, ಬಿಟ್ಟರೆ ಮುಚ್ಚುತ್ತಿತ್ತು.

ಕಾರ್ಯಕ್ರಮ ಬೇಗಂಪೇಟೆಯ ಒಂದು ಮದುವೆ ಹಾಲಿನಲ್ಲಿ. ಎಲ್ಲಿ ನೋಡಿದರೂ ಹುಲಿಗಳು. ಎರಡು ನವಿಲು, ಸೊಂಡಿಲು ಹಿಡಿದುಕೊಂಡು ಬಾತ್‌ರೂಮು ಹುಡುಕುತ್ತಿದ್ದ ಒಂದು ಆನೆ. ಮಗಳಿಗಿಂತ ಮುಂಚೆ ಗಚ್ಚಿಬೌಲಿಯ ಒಬ್ಬಳು ಹುಲಿ ಸ್ಟೇಜಿಗೆ ಬಂದು, "ನಾನು ಹುಲಿ. ನಾನು ನಮ್ಮ ದೇಶದ ರಾಷ್ಟ್ರೀಯ ಪ್ರಾಣಿ. ನನ್ನನ್ನು ಎಲ್ಲರೂ ರಕ್ಷಿಸಬೇಕು" ಎಂದು ಒಂದೂ ಅಕ್ಷರ ತಪ್ಪದೆ ಹೇಳಿ ನಮಸ್ಕಾರ ಮಾಡಿ ಇಳಿದಳು. ಜೋರಾಗಿ ಚಪ್ಪಾಳೆ ಬಿತ್ತು.

"ಈಗ ನಮ್ಮ ಮುಂದೆ ಸಿಳ್ಳಾರ!" ಎಂದರು ನಿರೂಪಣೆ ಮಾಡುತ್ತಿದ್ದ ಮೇಡಂ.

ಮಗಳು ಬಂದಳು. ಕುಪ್ಪಳಿಸಿ ನಿಂತಳು. ದಾರ ಎಳೆದಳು, ಬಾಲ ಬಿಚ್ಚಿತು. ಸ್ಟೇಜಿನ ಲೈಟಿಗೆ ಹೆಗಲು ಹೊಳೆಯಿತು. ಕತ್ತು ಮೇಲಕ್ಕೆತ್ತಿ ತುಟಿ ಮೂತಿ ಮಾಡಿದಳು. ಅಲ್ಲಿಗೇ ನಿಂತಳು. ಅವಳ ಕಣ್ಣು ಮೇಲಿತ್ತು. ಮೇಲೆ ಬಿಳಿ ಛತ್ತು, ಸಾಲಾಗಿ ಫ್ಯಾನು, ಮದುವೆಯ ಸೀರಿಯಲ್ ಲೈಟು. ಇಷ್ಟು ದಿನ ಎಲ್ಲ ಯೋಚನೆ ಮಾಡಿದ್ದ ನಾನು ಹಾಲಿಗೆ ಛತ್ತು ಇರುತ್ತದೆ ಎಂಬುದನ್ನು ಯೋಚಿಸಿರಲಿಲ್ಲ.

"ಮರ್ತುಹೋಯ್ತಾ ಪುಟ್ಟಾ?" ಎಂದು ಮೇಡಂ ಮೈಕನ್ನು ಅವಳ ಬಾಯಿಯ ಹತ್ತಿರ ಹಿಡಿದರು.

ಮಗಳು ಮೈಕು ತೆಗೆದುಕೊಂಡಳು. ಜನರ ನಡುವೆ ಹುಡುಕಿದಳು. ಆಮೇಲೆ ಇಡೀ ಹಾಲಿಗೆ ಕೇಳುವಂತೆ, "ಆಯೀ, ಇದು ಮನೀನೋ ಹೊರಗೋ?" ಎಂದಳು.

ನನ್ನ ಪಕ್ಕದಲ್ಲಿದ್ದ ಅವ್ವ ಎದ್ದು ನಿಂತಳು. ಅವ್ವನಿಗೆ ಮೈಕಿನ ಅಗತ್ಯವಿಲ್ಲ.

"ಮ್ಯಾಲ ಏನೈತಿ ನೋಡು."

"ಛತ್ತು ಐತಿ."

"ಮತ್ತ?"

"ಫ್ಯಾನ್ ಅದಾವ."

"ಹಂಗಾದ್ರ ಮನೀನಽ."

"ಸಿಳ್ಳಿ ಹಾಕಂಗಿಲ್ಲೇನು?"

"ಹಾಕಂಗಿಲ್ಲ."

ನಾನು ಅವ್ವನ ಸೆರಗು ಎಳೆದೆ. "ಒಂದ್ ಸಲ ಹೂಂ ಅನ್ನಬೇ, ಏನೂ ಆಗಂಗಿಲ್ಲ."

"ನೀ ಸುಮ್ನ ಕುಂದ್ರು. ಇಲ್ಲಿ ಎಷ್ಟ್ ಮಕ್ಕಳು ಅದಾವ, ಹಾವು ಬಂದ್ರ ಯಾರ್ ನೋಡ್ತಾರ?"

ಹಾಲ್ ನಗಲು ಶುರು ಮಾಡಿತು. ಮೊದಲು ಹಿಂದಿನ ಸಾಲು, ಆಮೇಲೆ ಹುಲಿಗಳು. ಯಾರೋ "ಹಾಕಂಗಿಲ್ಲಾ" ಎಂದು ರಾಗ ಎಳೆದರು. ಮಗಳು ಮೈಕನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು. ಮೆಣಸಿನಕಾಯಿಯಾಗಿದ್ದಾಗಲೂ ಹಾಲ್ ಹೀಗೇ ನಕ್ಕಿತ್ತು. ಈ ಸಲ ಇಳಿದು ಬಂದರೆ ಇನ್ನು ಮನೆಯೊಳಗೂ ಈ ಮಾತು ಉಳಿಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಹೋಗಿ ಕರೆದುಕೊಂಡು ಬರಲೋ ಬೇಡವೋ ಎಂದು ಅರ್ಧ ಎದ್ದು, ಅರ್ಧ ಕೂತು ಇದ್ದೆ.

"ಆಮ್ಯಾಲ ನಗ್ರಿ," ಎಂದಳು ಮಗಳು ಮೈಕಿನಲ್ಲಿ. "ನಮ್ಮ ಆಯಿ ಒಳಗ ಸಿಳ್ಳಿ ಹಾಕಬ್ಯಾಡ ಅಂದಾಳ. ಅದಕ್ಕ ಹೊರಗ ಹಾಕ್ತೀನಿ. ಈಗ ಬರೇ ಹೇಳ್ತೀನಿ."

ಹೇಳಿದಳು. ಏನೂ ಬಾಯಿಪಾಠ ಮಾಡಿರಲಿಲ್ಲ, ಯಾಕೆಂದರೆ ಮಾತಿಲ್ಲ ಎಂದು ನಾನು ಪ್ರಾಮಿಸ್ ಮಾಡಿದ್ದೆ.

"ನಾ ಸಿಳ್ಳಾರ ಹಕ್ಕಿ ಅದೀನ್ರಿ. ಗುಡ್ಡದ ಅಡವ್ಯಾಗ ಇರ್ತೀನಿ. ಹೈದರಾಬಾದಿನ್ಯಾಗ ಇರಂಗಿಲ್ಲ, ನೀವು ಹುಡುಕಬ್ಯಾಡ್ರಿ. ನೆರಳಾಗ ನೋಡಿದ್ರ ಕರ್ರಗ ಕಾಣ್ತೀನಿ, ಬಿಸಲಾಗ ಬಂದ್ರ ಇಲ್ಲಿ ನೀಲಿ, ಇಲ್ಲಿ ನೀಲಿ. ಗಂಡು ಹೆಣ್ಣು ಒಂದಽ ಥರ. ನಿಮಗ ಗೊತ್ತಾಗಂಗಿಲ್ಲ, ನಮಗ ಗೊತ್ತಾಗ್ತೈತಿ. ನಮ್ಮ ಗೂಡು ಬಂಡಿಗಲ್ಲಿನ ಸಂದ್ಯಾಗ ಇರ್ತೈತಿ, ಮಗ್ಗಲಕ ನೀರು ಬೀಳ್ತಿರ್ತಾವ. ನಸಿಕಿನ್ಯಾಗ ಎದ್ದು ಹಾಡ್ತೀನಿ. ಹಾಡು ಅರ್ಧಕ್ಕ ಬಿಡ್ತೀನಿ, ಯಾಕಂದ್ರ ನನಗ ದಗದ ಇಲ್ಲ."

ಮೇಡಂ ಸಮಯ ಮುಗಿಯಿತು ಎಂದು ಗಂಟೆ ಬಾರಿಸಿದರು.

"ತಡೀರಿ, ಇನ್ನೂ ಏಡಿ ಐತ್ರಿ," ಎಂದಳು ಮಗಳು.

ಏಡಿಯನ್ನೂ ಮುಗಿಸಿದಳು. ನಗುವವರು ನಗುತ್ತಲೇ ಇದ್ದರು. ಅವಳು ಮೈಕನ್ನು ಮೇಡಂ ಕೈಗೆ ಕೊಟ್ಟು, ಮತ್ತೆ ಇಸಿದುಕೊಂಡು, "ಸಿಳ್ಳಿ ಕೇಳೋರು ಹೊರಗ ಬರ್ರಿ" ಎಂದು ಹೇಳಿ ಪಕ್ಕದ ಬಾಗಿಲಿನಿಂದ ಹೊರಟೇಹೋದಳು. ಹುಲಿಗಳೆಲ್ಲ ಎದ್ದು ಹಿಂದೆ ಓಡಿದವು. ಮುಂದಿನ ಸ್ಪರ್ಧಿ ಆನೆ. ಅದು ಅಪ್ಪ ಅಮ್ಮಂದಿರಿಗಷ್ಟೇ ಮಾತಾಡಬೇಕಾಯಿತು.

ಹೊರಗೆ ಕಾರುಗಳ ನಡುವೆ, ಅವ್ವ ಒಮ್ಮೆ ತಲೆ ಎತ್ತಿ ಮುಗಿಲು ಇದೆ ಎಂದು ಖಾತ್ರಿ ಮಾಡಿಕೊಂಡ ಮೇಲೆ, ಮಗಳು ಸಿಳ್ಳು ಹಾಕಿದಳು. ಶುರು ಮಾಡಿ, ಮರೆತು, ಇನ್ನೊಂದಕ್ಕೆ ಹೋಗಿ, ಬಿಟ್ಟುಬಿಟ್ಟಳು. ದಾಂಡೇಲಿಯ ಹಕ್ಕಿಗೆ ಹೋಲಿಸಿದರೆ ಸ್ವಲ್ಪ ಉಗುಳು ಜಾಸ್ತಿ ಇತ್ತು.

"ನಿಜವಾಗ್ಲೂ ಏಡಿ ತಿನ್ನುತ್ತಾ?" ಎಂದು ಗಚ್ಚಿಬೌಲಿಯ ಹುಲಿ ಕೇಳಿದಳು.

"ತಿಂತೈತಿ. ಬಂಡಿಗಲ್ಲಿಗೆ ಬಡದು ಬಡದು ತಿಂತೈತಿ."

"ಹಾಗಂದ್ರೆ?"

ಮಗಳು ಆ ಹುಲಿಯ ಬಾಲ ಹಿಡಿದು ಕಾಂಪೌಂಡು ಗೋಡೆಗೆ ಎರಡೇಟು ಅಪ್ಪಳಿಸಿ ತೋರಿಸಿದಳು. ಬಾಲ ಕಿತ್ತುಬಂತು. ಹುಲಿಗೆ ಬಹಳ ಖುಷಿಯಾಯಿತು, ಇನ್ನೊಮ್ಮೆ ಮಾಡು ಎಂದಳು. ಹುಲಿಯ ತಾಯಿಗೆ ಅಷ್ಟು ಖುಷಿಯಾಗಲಿಲ್ಲ, ಸೂಜಿ ದಾರ ತರುತ್ತೇನೆ ಎಂದು ನಾನು ಒಳಗೆ ಹೋದೆ. ಮೊದಲ ಬಹುಮಾನ ಆ ಹುಲಿಗೇ ಬಂತು. ಅದು ನ್ಯಾಯವೇ. ಅವಳು ಗಂಟೆ ಬಾರಿಸುವ ಮುಂಚೆ ಮುಗಿಸಿದ್ದಳು.

ಮನೆಗೆ ಆಟೋದಲ್ಲಿ ಹೊರಟೆವು. ಬಾಲ ಮಡಚಿ ನನ್ನ ತೊಡೆಯ ಮೇಲಿತ್ತು. ಮಗಳು ನಡುವೆ ಕೂತಿದ್ದಳು. ಮೇಲೆ ನೋಡಿದಳು, ಪಕ್ಕಕ್ಕೆ ನೋಡಿದಳು. "ಆಯಿ, ಆಟೋ ಮನೀನೋ ಹೊರಗೋ?" ಎಂದಳು, ಆಟೋ ಸದ್ದಿನ ಮೇಲೆ ಕೇಳುವಷ್ಟು ಗಟ್ಟಿಯಾಗಿ.

ಅವ್ವ ಕೈ ಎತ್ತಿ ಆಟೋದ ಛತ್ತು ಮುಟ್ಟಿ ನೋಡಿದಳು. "ಛತ್ತು ಐತಿ. ಆದ್ರ ಬಾಗಲಾ ಇಲ್ಲ. ನೆಲಾ ಓಡಾಕತ್ತೈತಿ."

"ಅಂದ್ರ ಏನು?"

"ತಡಿ, ವಿಚಾರ ಮಾಡಾಕತ್ತೀನಿ."

ಸಿಗ್ನಲ್ಲಿನಲ್ಲಿ ಆಟೋದವನು ತಿರುಗಿ, ಮಗು ಏನಂತಿದೆ ಎಂದು ತೆಲುಗಿನಲ್ಲಿ ಕೇಳಿದ. ನಾನು ವಿಷಯ ತಿಳಿಸಿದೆ. ಅವನು ಮೀಟರು ಒರೆಸಿದ, ಯೋಚನೆ ಮಾಡಿದ. "ನಾಕೈತೇ ಇದೇ ಇಲ್ಲು, ಅಮ್ಮಾ" ಎಂದ, ನನಗಂತೂ ಇದೇ ಮನೆ ಎಂದು.

"ಕೇಳಿದಿಲ್ಲೋ? ಮನಿ ಅಂತ," ಎಂದಳು ಅವ್ವ. "ಸಿಳ್ಳಿ ಹಾಕಂಗಿಲ್ಲ."

ಮಗಳು ಹಾಕಲಿಲ್ಲ. ಹಾವು ಆಟೋ ಹತ್ತುವುದು ಹೇಗೆ ಎಂದು ಬಾಲಾನಗರದವರೆಗೂ ಆಯಿಯನ್ನು ಕೇಳುತ್ತಲೇ ಇದ್ದಳು.